ಅಮ್ಮನ ಅಡುಗೆಯ ಕಾರ್ಡು

ಶಿವಕುಮಾರಪ್ಪ ಮೇಷ್ಟ್ರು ಆ ದಿನ ಮಾಡಿದ ತಪ್ಪು ಒಂದೇ. ಶುಭಾಶಯ ಪತ್ರ ಎನ್ನುವ ಬದಲು ಕಾರ್ಡು ಎಂದುಬಿಟ್ಟರು.

ಧರ್ಮಪುರದ ಆಚೆಗಿನ ಆ ಹಳ್ಳಿಯ ಶಾಲೆಗೆ ಅವರು ಬಂದು ಎರಡು ತಿಂಗಳಾಗಿತ್ತು. ಮಕ್ಕಳು ಇಪ್ಪತ್ತೆಂಟು, ಮೇಷ್ಟ್ರು ಒಬ್ಬರೇ. ಹಿಂದಿನ ವಾರ ಹಿರಿಯೂರಿನಲ್ಲಿ ನಡೆದ ತರಬೇತಿಯಲ್ಲಿ, ಮಕ್ಕಳ ಕೈಯಿಂದ ಏನಾದರೂ ಮಾಡಿಸಿ ಎಂದು ಹೇಳಿ ಕಳಿಸಿದ್ದರು. ಮೇಷ್ಟ್ರು ಎರಡು ದಿನ ಯೋಚಿಸಿದರು. ಗಟ್ಟಿ ಕಾಗದವನ್ನು ಊಟದ ತಟ್ಟೆಯ ಹಾಗೆ ದುಂಡಗೆ ಕತ್ತರಿಸುವುದು, ನಡುವೆ ಮಡಚುವುದು, ಒಳಗೆ ಅಮ್ಮ ಮಾಡುವ ಅಡುಗೆಯ ಚಿತ್ರ ಬರೆಯುವುದು. ರಾಗಿ ಕಾಳು ಅಂಟಿಸಿದರೆ ಮುದ್ದೆ, ಒಣಮೆಣಸಿನಕಾಯಿ ಸಿಪ್ಪೆ ಅಂಟಿಸಿದರೆ ಸಾರು. ಕೆಳಗೊಂದು ಸಾಲು: ‘ಅಮ್ಮಾ, ನೀನು ಮಾಡುವ ............ ನನಗೆ ಬಲು ಇಷ್ಟ.’ ಅದರ ಕೆಳಗೆ ತಾಯಿಯ ಪೂರ್ತಿ ಹೆಸರು. ಸಂಜೆ ಮನೆಗೆ ಹೋಗಿ ಅಮ್ಮನ ಕೈಗೆ ಕೊಟ್ಟರೆ ಆಯಿತು.

ಬೆಳಿಗ್ಗೆ ಕತ್ತರಿ, ಗೋಂದು ಕಂಡದ್ದೇ ಮಕ್ಕಳು ಬೆಲ್ಲಕ್ಕೆ ಮುತ್ತಿದ ಇರುವೆಗಳಾದರು. ಮೂರನೇ ಕ್ಲಾಸಿನ ಏಕನಾಥಮ್ಮ ಕಡ್ಲೆಕಾಯಿ ಸಿಪ್ಪೆ ತರಲು ಮನೆಗೆ ಓಡಿದಳು. ಅವಳ ತಾಯಿ ಈರಕ್ಕ ಅಂಗಳದಲ್ಲಿ ಕುರಿಮರಿಗೆ ಹಾಲು ಕುಡಿಸುತ್ತಿದ್ದಳು.

“ಅವ್ವ, ಮೇಷ್ಟ್ರು ಕಾರ್ಡ್ ಮಾಡಿಸ್ತಾವ್ರೆ. ಮನೇಲಿ ಏನು ಉಣ್ತೀವಿ ಅಂತ ಬರೀಬೇಕಂತೆ. ನಿನ್ ಹೆಸರೂ ಬೇಕಂತೆ.”

ಮರಿ ಈರಕ್ಕನ ಕೈಯಿಂದ ಜಾರಿತು. ಅನುಕೂಲಸ್ಥರ ರೇಷನ್ ಕಾರ್ಡು ಕಿತ್ತುಕೊಳ್ಳುತ್ತಾರಂತೆ ಎಂಬ ಸುದ್ದಿ ಆ ವಾರವಷ್ಟೇ ಊರಿಗೆ ಬಂದಿತ್ತು.

“ನೀನೇನ್ ಬರ್ದೆ?”

“ಕೋಳಿ ಸಾರು. ಎರಡು ಕಾಲೂ ಬರ್ದಿದೀನಿ.”

ಈರಕ್ಕ ನೇರವಾಗಿ ಕಾಟಪ್ಪನ ಟೀ ಅಂಗಡಿಗೆ ನಡೆದಳು. ಕಾಟಪ್ಪ ಪಂಚಾಯಿತಿ ಚುನಾವಣೆಯಲ್ಲಿ ಎರಡು ಸಲ ಸೋತಿದ್ದನಾದ್ದರಿಂದ ಸರ್ಕಾರದ ಒಳಗುಟ್ಟೆಲ್ಲ ಅವನಿಗೆ ತಿಳಿದಿತ್ತು. ಅವನು ಕಣ್ಣು ಕಿರಿದು ಮಾಡಿ ಎಲ್ಲವನ್ನೂ ಕೇಳಿದ.

“ಮನೆಗೆ ಬಂದು ಕೇಳಿದ್ರೆ ನಾವು ಸುಳ್ಳು ಹೇಳ್ತೀವಿ ಅಂತ ಮಕ್ಕಳ ಕೈಲಿ ಬರ್ಸ್ಕಂತಾವ್ರೆ. ಹುಷಾರಾಗಿರ್ರಿ” ಎಂದು ಒಲೆ ಆರಿಸಿದ.

ಅರ್ಧ ಗಂಟೆಯಲ್ಲಿ ಹನ್ನೆರಡು ಮಂದಿ ತಾಯಂದಿರು ಶಾಲೆಯ ಬಾಗಿಲಲ್ಲಿ ನಿಂತಿದ್ದರು, ಮುಂದೆ ಕಾಟಪ್ಪ. ತರಬೇತಿಯಲ್ಲಿ ಪೋಷಕರ ಸಹಭಾಗಿತ್ವ ಎಂದದ್ದು ಇದನ್ನೇ ಇರಬೇಕೆಂದು ಮೇಷ್ಟ್ರಿಗೆ ಬಲು ಸಂತೋಷವಾಯಿತು.

“ಬರ್ರಿ, ಬರ್ರಿ. ಕುಂತ್ಕಳ್ರಿ.”

ಕಾಟಪ್ಪ ಕೂರಲಿಲ್ಲ. ಒಂದು ಕಾರ್ಡು ಎತ್ತಿ, ಹಿಂದೆ ಮುಂದೆ ತಿರುಗಿಸಿ, ಸೀಲು ಎಲ್ಲಾದರೂ ಇದೆಯೇ ಎಂದು ನೋಡಿದ.

“ಯಾವ ಇಲಾಖೇದು ಇದು?”

“ಇಲಾಖೇದಲ್ಲ. ಮಕ್ಕಳು ತಾಯಿಗೆ ಪ್ರೀತಿಯಿಂದ ಕೊಡೋದು.”

“ಪ್ರೀತಿಗೆ ಪೂರ್ತಿ ಹೆಸರು ಯಾಕ್ ಬೇಕು ಮೇಷ್ಟ್ರೆ? ನನ್ ಹೆಂಡ್ತಿ ಮೂವತ್ತು ವರ್ಷದಿಂದ ನನ್ ಹೆಸರೇ ಹಿಡಿದಿಲ್ಲ.”

“ಚೆನ್ನಾಗಿ ಕಾಣ್ಲಿ ಅಂತ ಬರೆಸಿದೆ.”

“ಈ ಚುಕ್ಕಿ ಚುಕ್ಕಿ ಗೆರೆ?”

“ಅದಾ? ಅದು ಅವರು ತುಂಬೋ ಜಾಗ.”

ಕಾಟಪ್ಪ ಹೆಂಗಸರ ಕಡೆ ತಿರುಗಿದ. “ಕೇಳಿಸ್ಕಂಡ್ರಾ? ತುಂಬೋ ಜಾಗವಂತೆ. ಇದು ಅರ್ಜಿನೇ.”

ಮುಂದಿನದು ಮೇಷ್ಟ್ರ ಕೈಯಲ್ಲಿರಲಿಲ್ಲ. ತಾಯಂದಿರು ಒಬ್ಬೊಬ್ಬರೇ ತಮ್ಮ ಮಕ್ಕಳ ಪಕ್ಕದಲ್ಲಿ ಕೂತು ಕಾರ್ಡು ತಿದ್ದಿಸತೊಡಗಿದರು. ಬಿಸಿಯೂಟ ಬೇಯಿಸುತ್ತಿದ್ದ ತಿಪ್ಪಮ್ಮ ಸೌಟು ಹಿಡಿದುಕೊಂಡೇ ಓಡಿಬಂದಳು. ಅವಳ ಮಗ ಹೋಳಿಗೆ ಬರೆದು, ಮೇಲೆ ತುಪ್ಪ ಹರಿಸಿದ್ದ.

“ನಮ್ಮನೇಲಿ ತುಪ್ಪ ಯಾವಾಗ ಕಂಡ್ಯೋ?”

“ನಿನ್ನೆ.”

ತಿಪ್ಪಮ್ಮ ಅವನ ಬಾಯಿಗೆ ಕೈ ಅಡ್ಡ ಹಿಡಿದು ಸುತ್ತ ನೋಡಿದಳು.

ಈರಕ್ಕ ಕೋಳಿಯ ಎರಡು ಕಾಲನ್ನೂ ರಬ್ಬರಿನಿಂದ ಅಳಿಸಿ ತಟ್ಟೆಯನ್ನು ಖಾಲಿ ಬಿಡಿಸಿದಳು. ಪಕ್ಕದಲ್ಲಿ ಮಗನಿಂದ ಗಂಜಿ ಬರೆಸುತ್ತಿದ್ದ ನಿಂಗಕ್ಕ ಅದನ್ನು ಓರೆಗಣ್ಣಿನಲ್ಲಿ ನೋಡಿದಳು. “ಎಂಬತ್ತು ಕುರಿ ಇರೋಳೇ ಖಾಲಿ ಬಿಟ್ಟವ್ಳೆ. ನಾನು ಗಂಜಿ ಬರ್ಸಿದ್ರೆ ನಾನೇ ಸಾವ್ಕಾರ್ತಿ ಆಗಲ್ವಾ?” ಎಂದು ಗಂಜಿ ಕೆರೆಸಿ, ಖಾಲಿ ತಟ್ಟೆಗೆ ಒಂದು ಬಿರುಕು ಎಳೆಸಿದಳು. ಅದನ್ನು ಕಂಡ ಇನ್ನೊಬ್ಬಳು ತಟ್ಟೆಗೆ ಪೆನ್ಸಿಲ್ ಚುಚ್ಚಿ ತೂತನ್ನೇ ಮಾಡಿದಳು. ಚುಕ್ಕಿ ಗೆರೆಯ ಮೇಲೂ ಹೊಸ ಅಡುಗೆಗಳು ಬಂದವು. ‘ಅಮ್ಮಾ, ನೀನು ಮಾಡುವ ಉಪ್ಪುನೀರು ನನಗೆ ಬಲು ಇಷ್ಟ.’ ‘ಅಮ್ಮಾ, ನೀನು ಮಾಡುವ ಏನೂ ಇಲ್ಲ ನನಗೆ ಬಲು ಇಷ್ಟ.’ ತಾಯಿ ಬರದೇ ಇದ್ದ ಮಕ್ಕಳು ಹಿಂದೆ ಬೀಳಬಾರದೆಂದು ಅದನ್ನೇ ನಕಲು ಮಾಡಿದರು.

ಕೊನೆಗೆ ಕಾಟಪ್ಪ ಮಕ್ಕಳಿಗೆಲ್ಲ ಪಾಠ ಹೇಳಿದ. “ಪೆನ್ನು ಹಿಡ್ಕಂಡು ಯಾರೇ ಬಂದು ಉಂಡ್ರಾ ಅಂತ ಕೇಳಿದ್ರೂ ಇಲ್ಲ ಅನ್ಬೇಕು. ತಿಳೀತಾ?”

ಎರಡು ತಿಂಗಳಲ್ಲಿ ಆ ಮಕ್ಕಳು ಒಂದೇ ಸಲಕ್ಕೆ ಕಲಿತ ಪಾಠ ಅದೊಂದೇ.

ಗೋಂದು ಒಣಗಲಿ ಎಂದು ಮೇಷ್ಟ್ರು ಕಾರ್ಡುಗಳನ್ನು ಗೋಡೆಯುದ್ದಕ್ಕೂ ಹಗ್ಗ ಕಟ್ಟಿ ತೂಗುಹಾಕಿದರು. ಹೆಂಗಸರು ಹೋದ ಮೇಲೆ ತೆಗೆದು ಒಲೆಗೆ ಹಾಕುವುದೆಂದು ಮನಸ್ಸಿನಲ್ಲೇ ನಿಶ್ಚಯಿಸಿದರು. ಹೆಂಗಸರು ಹೋಗಲಿಲ್ಲ. ಮೇಷ್ಟ್ರು ಆ ಕಾರ್ಡುಗಳನ್ನು ಎಲ್ಲಿಗೆ ಕಳಿಸುತ್ತಾರೋ ನೋಡಬೇಕೆಂದು ಕಿಟಕಿಯ ಕೆಳಗೆ ಕಾದು ಕೂತರು.

ಊಟ ಮುಗಿದು, ಮಕ್ಕಳು ಕೈ ತೊಳೆದು ಒಳಗೆ ಬಂದಿದ್ದರಷ್ಟೆ. ಅಂಗಳದಲ್ಲಿ ಜೀಪೊಂದು ನಿಂತಿತು. ಬಿಸಿಯೂಟ ತಪಾಸಣೆಗೆ ತಾಲ್ಲೂಕಿನಿಂದ ಬಂದ ಅಧಿಕಾರಿ ಬೋರಪ್ಪ ಇಳಿದರು, ಜೇಬಿನಿಂದ ಪೆನ್ನು ತೆಗೆಯುತ್ತಲೇ.

ಅವರು ಹಗ್ಗದ ಈ ತುದಿಯಿಂದ ಆ ತುದಿಯವರೆಗೆ ಇಪ್ಪತ್ತೆಂಟು ಕಾರ್ಡನ್ನೂ ಓದಿದರು. ಓದುತ್ತ ಓದುತ್ತ ಹುಬ್ಬು ಗಂಟಿಕ್ಕಿತು.

“ಮಕ್ಕಳೇ, ಊಟ ಮಾಡಿದ್ರಾ?”

ಮಕ್ಕಳು ಪೆನ್ನು ನೋಡಿದರು. “ಇಲ್ಲ ಸಾ.”

ಹಿಂದಿನ ಸಾಲಿನಲ್ಲಿ ಯಾರೋ ದೊಡ್ಡದಾಗಿ ತೇಗಿದರು.

“ಅಕ್ಕಿ ಬೇಳೆ ಎಲ್ಲಿ ಹೋಯ್ತು ಮೇಷ್ಟ್ರೆ?” ಬೋರಪ್ಪನವರ ದನಿ ತಣ್ಣಗಿತ್ತು.

ಮೇಷ್ಟ್ರು ಅಧಿಕಾರಿಯನ್ನು ಅಡುಗೆಮನೆಗೆ ಹೆಚ್ಚುಕಮ್ಮಿ ಎಳೆದುಕೊಂಡೇ ಹೋದರು. “ತಿಪ್ಪಮ್ಮ, ಇವತ್ತೇನ್ ಅಡುಗೆ ಮಾಡಿದ್ದೆ, ಹೇಳು.”

ತಿಪ್ಪಮ್ಮನೂ ಪೆನ್ನು ನೋಡಿದಳು. ಸೌಟಿನಿಂದ ಸಾರು ತೊಟ್ಟಿಕ್ಕುತ್ತಿತ್ತು. “ನಾನೇನೂ ಮಾಡಿಲ್ಲ ಸಾ.”

ಮೇಷ್ಟ್ರು ತಾವೇ ಹಂಡೆಗಳ ಮುಚ್ಚಳ ತೆಗೆದರು. ತಳದಲ್ಲಿ ಇನ್ನೂ ಅನ್ನವಿತ್ತು, ನುಗ್ಗೆಕಾಯಿ ಸಾರಿತ್ತು. ತೊಳೆದಿಟ್ಟ ಇಪ್ಪತ್ತೆಂಟು ತಟ್ಟೆಗಳಿನ್ನೂ ಒದ್ದೆಯಾಗಿದ್ದವು. ಬೋರಪ್ಪನವರು ಸಾರಿನ ರುಚಿ ನೋಡಿದರು, ಚೀಲಗಳನ್ನು ತೂಗಿ ನೋಡಿದರು, ಪುಸ್ತಕ ನೋಡಿದರು. ಎಲ್ಲ ಸರಿಯಾಗಿತ್ತು. ಮೇಷ್ಟ್ರಿಗೆ ಹೋದ ಜೀವ ಬಂದಂತಾಯಿತು.

ಅಧಿಕಾರಿ ಮತ್ತೆ ಕಾರ್ಡುಗಳ ಮುಂದೆ ಬಂದು ನಿಂತರು. ಈ ಸಲ ಅವರ ಕಣ್ಣುಗಳು ಒದ್ದೆಯಾಗಿದ್ದವು.

“ಹೊಟ್ಟೆ ತುಂಬ ಉಂಡ ಮಕ್ಕಳು ಉಂಡಿಲ್ಲ ಅಂತಾವೆ ಅಂದ್ರೆ, ಮನೇಲಿ ಎಂಥ ಹಸಿವು ಇರಬೇಕು ಮೇಷ್ಟ್ರೆ. ತೂತು ತಟ್ಟೇಲಿ ಉಪ್ಪುನೀರು. ಇಂಥ ಊರು ನನ್ ತಾಲ್ಲೂಕಿನಲ್ಲಿ ಐತೆ ಅಂತ ನಂಗೆ ಗೊತ್ತೇ ಇರ್ಲಿಲ್ಲ.”

“ಸರ್, ಹಂಗಲ್ಲ, ಈ ಊರಿನೋರು...” ಎಂದು ಮೇಷ್ಟ್ರು ಬಾಯಿ ತೆರೆದರು. ಕಿಟಕಿಯ ಸರಳುಗಳ ನಡುವೆ ಹನ್ನೆರಡು ಜೊತೆ ಕಣ್ಣುಗಳು ಅವರನ್ನೇ ನೋಡುತ್ತಿದ್ದವು. ಬಾಯಿ ತಾನಾಗಿ ಮುಚ್ಚಿಕೊಂಡಿತು.

“ನೀವು ಮುಚ್ಚಿಡಬೇಡ್ರಿ. ನಾನು ಮೇಲಕ್ಕೆ ಬರೀತೀನಿ.” ಬೋರಪ್ಪನವರು ಅಲ್ಲೇ ಬೆಂಚಿನ ಮೇಲೆ ಕೂತು ಒಂದು ಆದೇಶ ಬರೆದು, ಸಹಿ ಮಾಡಿ, ಮೇಷ್ಟ್ರ ಬೆನ್ನು ತಟ್ಟಿ ಜೀಪು ಹತ್ತಿದರು.

ಮೇಷ್ಟ್ರು ಕಾಗದ ಹಿಡಿದುಕೊಂಡು ಮರದ ಹಾಗೆ ನಿಂತಿದ್ದರು. ಕಾಟಪ್ಪ ಒಳಗೆ ಬಂದು ಅದನ್ನು ಮೆಲ್ಲಗೆ ಅವರ ಬೆರಳುಗಳಿಂದ ಬಿಡಿಸಿಕೊಂಡು, ಎಲ್ಲರಿಗೂ ಕೇಳುವಂತೆ ಓದಿದ.

“ನಾಳೆಯಿಂದ ಶಾಲೆ ಬಿಟ್ಟ ನಂತರ ಶ್ರೀ ಶಿವಕುಮಾರಪ್ಪ, ಸಹಶಿಕ್ಷಕರು, ಈ ಗ್ರಾಮದ ಪ್ರತಿ ಮನೆಗೂ ಖುದ್ದಾಗಿ ಭೇಟಿ ನೀಡಿ, ಮನೆಯವರು ಉಣ್ಣುವ ಆಹಾರ, ಸಾಕಿರುವ ಕುರಿ ಕೋಳಿಗಳ ಸಂಖ್ಯೆ, ಹೊಂದಿರುವ ರೇಷನ್ ಕಾರ್ಡಿನ ವಿವರ ಬರೆದುಕೊಂಡು ಶನಿವಾರದೊಳಗೆ ಕಡ್ಡಾಯವಾಗಿ ಸಲ್ಲಿಸತಕ್ಕದ್ದು.”

ಕಿಟಕಿಯ ಕೆಳಗಿದ್ದ ಹೆಂಗಸರೆಲ್ಲ ಒಳಗೆ ನುಗ್ಗಿದರು. ಈರಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ, ಮಗಳ ಕೈ ಹಿಡಿದು ಹೊಸಿಲವರೆಗೆ ಹೋಗಿ, ತಿರುಗಿ ನಿಂತಳು.

“ಬರ್ರಿ ಮೇಷ್ಟ್ರೆ, ನಾಳೆ ಖಂಡಿತ ಬರ್ರಿ. ನಾವ್ಯಾರೂ ಮನೇಲಿ ಇರಲ್ಲ.”