ಬಾಮೈದನ ನೌಕರಿಗೆ ಮೂರು ಕೋಟು ವಾರ್ನಿಷು

ನಾನು ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವನು. ಬಿಟ್ಟೆ ಎನ್ನುವುದಕ್ಕಿಂತ, ಅಪ್ಪ ಕೈಗೆ ಉಳಿ ಕೊಟ್ಟ, ಬಳಪ ತಾನಾಗಿಯೇ ಬಿದ್ದುಹೋಯಿತು ಎನ್ನಬಹುದು. ಅದಕ್ಕಾಗಿ ನಾನು ಬೇಸರಪಟ್ಟವನಲ್ಲ. ಹಿರಿಯೂರಿನಲ್ಲಿ ನಾನು ಕೂರಿಸಿದ ಬಾಗಿಲು ಮಳೆಗಾಲದಲ್ಲೂ ಕಚ್ಚುವುದಿಲ್ಲ. ನಾನು ಮಾಡಿದ ಗಾಲಿ ಹರಿಯಬ್ಬೆಯ ಕಲ್ಲುದಾರಿಯಲ್ಲೂ ಕಿರುಗುಟ್ಟುವುದಿಲ್ಲ. ಇಂಥ ನಾನು ಒಬ್ಬ ಡಾಕ್ಟರಿಗೆ ನೌಕರಿ ಕೊಡಿಸಲಾರೆನೆ?

ಡಾಕ್ಟರೆಂದರೆ ನನ್ನ ಹೆಂಡತಿ ಗೌರಿಯ ತಮ್ಮ, ತಿಪ್ಪೇಸ್ವಾಮಿ. ತಂದೆತಾಯಿ ಇಲ್ಲದವನು, ನಮ್ಮ ಮನೆಯಲ್ಲೇ ಬೆಳೆದವನು. ಡಾಕ್ಟರಿಕೆ ಪಾಸು ಮಾಡಿದ್ದು ಸಾಲದೆಂದು ಬೊಂಬಾಯಿಗೆ ಹೋಗಿ ಇನ್ನೂ ಎರಡು ವರ್ಷ ಏನೋ ಓದಿಕೊಂಡು ಬಂದಿದ್ದ. ಆ ‘ಏನೋ’ ಏನೆಂಬುದನ್ನು ಪಡಸಾಲೆಯಲ್ಲಿ ಕೂರಿಸಿ ವಿಚಾರಣೆ ಮಾಡಿದೆ.

“ಪುನಶ್ಚೇತನ ವೈದ್ಯ, ಭಾವ.”

“ಅಂದ್ರೆ ಯಾವ ಕಾಯ್ಲೆ ನೋಡ್ತೀಯ?”

“ಕಾಯ್ಲೆ ಹೋದಮೇಲೆ ಉಳ್ಕಂಡಿರ್ತೈತಲ್ಲ, ಅದನ್ನ. ಲಕ್ವ ಹೊಡೆದು ಕೈ ಬರ್ದೇ ಇರೋರು, ಪೋಲಿಯೋ ಆಗಿ ಕಾಲು ಸೋತೋರು. ಅವರಿಗೆ ಕುಂತ್ಕಳದು, ನಡಿಯದು, ಉಣ್ಣದು ಹೇಳ್ಕೊಡದು.”

“ಇಂಜೆಕ್ಷನ್ನು?”

“ಅಪರೂಪ.”

“ಆಪರೇಷನ್ನು?”

“ನಾನ್ ಮಾಡಲ್ಲ.”

“ಉಣ್ಣದು ಹೇಳ್ಕೊಡಾಕೆ ಎರಡು ವರ್ಸ ಓದಿದ್ಯೇನಪ್ಪ?” ಅಂದೆ.

ಒಳಗಿನಿಂದ ಗೌರಿ, “ನಿಮಗೆ ಚೆಲ್ದಂಗೆ ಉಣ್ಣದು ಹೇಳ್ಕೊಟ್ಟು ಇಪ್ಪತ್ತು ವರ್ಸದಿಂದ ಸೋತಿದೀನಿ ನಾನು. ಸುಮ್ಕಿರ್ರಿ,” ಅಂದಳು.

ಅವಳ ದುಃಖ ಬೇರೆಯೇ ಇತ್ತು. ತಿಪ್ಪೇಸ್ವಾಮಿ ಓದಿದ ಬೊಂಬಾಯಿಯ ಆಸ್ಪತ್ರೆಯವರು ಅಲ್ಲೇ ಕೆಲಸ ಕೊಡುತ್ತೇವೆಂದು ಕಾಗದ ಬರೆದಿದ್ದರು. ಸೋಮವಾರದೊಳಗೆ ಒಪ್ಪಿಗೆ ಟಪಾಲಿಗೆ ಹಾಕಬೇಕು. ಹೋದನೆಂದರೆ ವರ್ಷಕ್ಕೊಮ್ಮೆ ಮುಖ ನೋಡಿದರೆ ಹೆಚ್ಚು. “ನಮ್ಮ ಸೀಮೇಲಿ ಕೈಕಾಲು ಸೋತೋರು ಇಲ್ವಾ?” ಅಂತ ಅವಳು ಒಲೆಯ ಮುಂದೆ ಕಣ್ಣೊರೆಸಿಕೊಂಡಳು. ಹೊಗೆಯಿಂದ ಅಂದಳು. ಆ ದಿನ ಒಲೆ ಹೊತ್ತಿಸಿರಲಿಲ್ಲ.

“ಎಂಟು ದಿನದಾಗೆ ಇಲ್ಲೇ ನೌಕರಿ ಕೊಡಿಸ್ತೀನಿ. ನನ್ನ ಮಾತು!” ಎಂದು ಘೋಷಿಸಿದೆ.

ಮೊದಲು ಚಿತ್ರದುರ್ಗ. ಅಲ್ಲಿ ಒಂದು ಕಚೇರಿಯ ಗುಮಾಸ್ತರು ಪಟ್ಟಿಯ ಮೇಲೆ ಎರಡು ಸಲ ಬೆರಳಾಡಿಸಿ, “ಈ ಹೆಸರಿನ ಹುದ್ದೆ ಇಲ್ರಿ. ಕಣ್ಣು ಐತೆ, ಹಲ್ಲು ಐತೆ. ಯಾವ್ದಾದ್ರೂ ಒಂದು ಹಿಡ್ಕಳ್ರಿ,” ಅಂದರು. ಆಮೇಲೆ ಹೊಸದುರ್ಗ. ಅಲ್ಲಿನ ಖಾಸಗಿ ಡಾಕ್ಟರೊಬ್ಬರು ನನ್ನ ಭಾಷಣ ಪೂರ್ತಿ ಕೇಳಿ, “ನಂದೇ ಸೊಂಟ ಹಿಡ್ಕಂಡೈತೆ, ಒಂಚೂರು ನೋಡಪ್ಪ,” ಎಂದು ಬೆಂಚಿನ ಮೇಲೆ ಮಲಗಿಬಿಟ್ಟರು. ತಿಪ್ಪೇಸ್ವಾಮಿ ಒಂದು ಗಂಟೆ ವ್ಯಾಯಾಮ ಹೇಳಿಕೊಟ್ಟ. ಅವರ ಸೊಂಟ ಬಿಟ್ಟುಕೊಂಡಿತು. ನೌಕರಿ ಮಾತ್ರ ಇರಲಿಲ್ಲ.

ಗುರುವಾರ ತಿಪ್ಪೇಸ್ವಾಮಿ ರಾಮಗಿರಿಯ ಗೆಳೆಯನ ಮನೆಗೆ ಹೋದ. ನಾನೊಬ್ಬನೇ ಹೊಳಲ್ಕೆರೆಗೆ ಹೋದೆ. ಅಲ್ಲಿ ಎಣ್ಣೆಗಿರಣಿಯ ಯಜಮಾನರೊಬ್ಬರು ಟ್ರಸ್ಟು ಮಾಡಿ ಹೊಸ ಆಸ್ಪತ್ರೆ ಕಟ್ಟಿಸಿದ್ದರು, ತಾವೇ ಅಧ್ಯಕ್ಷರು. “ನಮ್ಮವ್ವಂಗೆ ಲಕ್ವ ಹೊಡೆದು ಏಳು ತಿಂಗಳಾತು,” ಅಂದರು ಅಧ್ಯಕ್ಷರು. “ಬಲಗಡೆ ಬರಲ್ಲ. ನಿಮ್ಮ ಡಾಕ್ಟ್ರು ಏನ್ ಮಾಡ್ತಾರೆ?”

ನಾನು ಒಂದು ಕ್ಷಣವೂ ಯೋಚಿಸಲಿಲ್ಲ. ಅದೇ ತಪ್ಪಾದದ್ದು.

“ಭಾನುವಾರ ಬರ್ತಾರೆ. ನಿಮ್ಮವ್ವ ನಡೀತಾರೆ,” ಅಂದೆ.

“ನಡೆದ್ರೆ ಅವತ್ತೇ ಆರ್ಡರ್ ಬರ್ಕೊಡ್ತೀನಿ.”

ಮನೆಗೆ ಬಂದವನೇ ತಿಪ್ಪೇಸ್ವಾಮಿಯ ದಪ್ಪ ಪುಸ್ತಕ ತೆಗೆದೆ. ಅಕ್ಷರ ಇಂಗ್ಲಿಷು, ಆದರೆ ಚಿತ್ರ ಎಲ್ಲರದು. ನಾಲ್ಕು ಕಾಲಿನ ಮೇಲೆ ಉದ್ದುದ್ದ ಎರಡು ಗಳ, ಅದನ್ನು ಹಿಡಿದು ನಡುವೆ ನಡೆಯುತ್ತಿರುವ ರೋಗಿ. ಇಷ್ಟೇನಾ! ಮನೆಯಲ್ಲಿದ್ದ ಹೊನ್ನೆ ಮರವನ್ನೆಲ್ಲ ಕೊಯ್ದೆ. ಎತ್ತರ ಎಷ್ಟಿರಬೇಕೆಂದು ಪುಸ್ತಕದಲ್ಲಿ ಬರೆದಿದ್ದಿರಬಹುದು. ನಾನು ಟೇಪು ಮುಟ್ಟಿದವನಲ್ಲ. ನೊಗವಾಗಲಿ, ತೊಟ್ಟಿಲಾಗಲಿ, ನನ್ನ ಮೈಯೇ ನನಗೆ ಅಳತೆಗೋಲು. ನಿಂತು ನೋಡಿ, ನನ್ನ ಸೊಂಟದ ಮಟ್ಟಕ್ಕೆ ಕೂರಿಸಿದೆ. ನಾನು ಆರಡಿ ಇದ್ದೇನೆ.

ಶುಕ್ರವಾರ ಒಂದು ಕೋಟು ವಾರ್ನಿಷು. ಶನಿವಾರ ಇನ್ನೊಂದು. ಭಾನುವಾರ ಬೆಳಗ್ಗೆ ಐದಕ್ಕೇ ಎಚ್ಚರವಾಯಿತು, ಸಂತೋಷ ತಡೆಯಲಾಗದೆ ಮೂರನೆಯದನ್ನೂ ಬಳಿದೆ.

“ಒಣಗ್ತೈತಾ?” ಅಂದಳು ಗೌರಿ.

“ಬಸ್ಸಿನ ಮೇಲೆ ಗಾಳಿಗೆ ಒಣಗ್ತೈತೆ ಬಿಡೆ.”

ಹಗ್ಗ ಕಟ್ಟಿ ಬಸ್ಸಿನ ಮೇಲೇರಿಸುವಾಗ ಕುರಿ ಮಾರಿ ಬಂದಿದ್ದ ಒಬ್ಬ ಮುದುಕ ಸುತ್ತ ತಿರುಗಿ ನೋಡಿದ. “ಏನಪ್ಪ, ಕುರಿದೊಡ್ಡೀನಾ? ಎರಡು ಕಡೆ ಬಾಯಿ ಬಿಟ್ಟಿದೀಯ, ಎಲ್ಲ ಓಡೋಕ್ತಾವೆ.”

“ಇದು ಡಾಕ್ಟರ್ ಸಾಮಾನು,” ಅಂದೆ.

“ಹಂಗಾರೆ ರೋಗಿಗಳು ಓಡೋಕ್ತಾರೆ,” ಅಂದ.

ನಾನು ಹೇಳಿಕಳಿಸಿದ್ದಂತೆ ತಿಪ್ಪೇಸ್ವಾಮಿ ರಾಮಗಿರಿಯಿಂದ ನೇರ ಬಂದು ಹೊಳಲ್ಕೆರೆ ಬಸ್ ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದ. ಗಳಗಳನ್ನು ನೋಡಿದ. ನನ್ನನ್ನು ನೋಡಿದ. “ಭಾವ, ಅವರಿಗೆ ಏನಂತ ಹೇಳಿದೀಯ?”

“ಅಜ್ಜಿ ಇವತ್ತು ನಡೀತಾಳೆ ಅಂತ.”

ಅವನು ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಮೆಲ್ಲಗೆ ಕೂತುಕೊಂಡ.

ಅಧ್ಯಕ್ಷರ ಮನೆ ಬಾಗಿಲಲ್ಲಿ ನನ್ನ ಗಳ ಹಿಡಿಯಲಿಲ್ಲ. ಅಂಗಳದಲ್ಲೇ ಇಟ್ಟು, ಅಜ್ಜಿಯನ್ನು ಮಂಚದ ಸಮೇತ ಹೊರಗೆ ತಂದರು. ಓಣಿಯೇ ನೆರೆಯಿತು. ಅಜ್ಜಿ ನಾಲ್ಕೂವರೆ ಅಡಿ ಇದ್ದಿರಬಹುದು. ಮಂಚದ ಮೇಲೆ ಕೂರಿಸಿದಾಗ ಗಳದ ಕೆಳಗಿನಿಂದ ನನ್ನನ್ನು ನೋಡುತ್ತಿತ್ತು. “ಇದನ್ನ ಹಿಡಿಯಕ್ಕೆ ಏಣಿ ತಂದಿದೀಯೇನಪ್ಪ?” ಅಂತು.

ಜನ ನಕ್ಕರು. ನನಗೆ ರೋಷ ಬಂತು. “ಹಿಂಗೆ ನಡಿಯದು ನೋಡವ್ವ!” ಎಂದು ನಾನೇ ನಡುವೆ ಹೊಕ್ಕು, ಎರಡೂ ಗಳಗಳನ್ನು ಭದ್ರವಾಗಿ ಹಿಡಿದು ಒಂದು ಹೆಜ್ಜೆ ಇಟ್ಟೆ. ಎರಡನೆಯದು ಇಡಲಾಗಲಿಲ್ಲ. ಕಾಲು ಮುಂದೆ ಹೋಯಿತು, ಕೈ ಬರಲಿಲ್ಲ. ಮೂರನೇ ಕೋಟು! ಬಸ್ಸಿನ ಮೇಲಿನ ಬಿಸಿಲಿಗೆ ಬೆಲ್ಲದ ಪಾಕವಾಗಿತ್ತು. ಇಬ್ಬರು ನನ್ನ ಸೊಂಟ ಹಿಡಿದು ಎಳೆದರು. ಅಜ್ಜಿ ಅರ್ಧ ಬಾಯಲ್ಲೇ ಕಣ್ಣೀರು ಬರುವ ಹಾಗೆ ನಕ್ಕಿತು.

ತಿಪ್ಪೇಸ್ವಾಮಿ ಆಗ ಮುಂದೆ ಬಂದ. ಮಂಚದ ಮುಂದೆ ಕುಕ್ಕರಗಾಲಲ್ಲಿ ಕೂತು, ಅಧ್ಯಕ್ಷರನ್ನು ಬಿಟ್ಟು ಅಜ್ಜಿಯನ್ನೇ ಕೇಳಿದ. “ಅವ್ವ, ನಿನಗೆ ಮೊದ್ಲು ಏನ್ ಮಾಡ್ಬೇಕು ಅನ್ಸುತ್ತೆ?”

ಏಳು ತಿಂಗಳಲ್ಲಿ ಹಾಗೆ ಯಾರೂ ಕೇಳಿರಲಿಲ್ಲ ಅಂತ ಕಾಣುತ್ತದೆ. ಅಜ್ಜಿ ಎಡಗೈಯಿಂದ ಸೋತ ಬಲಗೈ ಎತ್ತಿ ತೋರಿಸಿತು. “ಸೊಸೆ ಕೈಲಿ ಉಂಡು ಉಂಡು ಸಾಕಾಗೈತೆ. ನನ್ನ ಕೈಯಾಗೆ ನಾಕು ತುತ್ತು ಉಣ್ಬೇಕು.”

“ಆತು,” ಅಂದ ಇವನು. ಅದರ ಪಾದಗಳನ್ನು ನೆಲಕ್ಕೆ ಊರಿಸಿ, ಆಸರೆಯಿಲ್ಲದೆ ಮಂಚದ ಅಂಚಿನಲ್ಲಿ ಕೂರುವುದನ್ನು ತೋರಿಸಿದ. ಅಜ್ಜಿ ವಾಲಿತು, ಸರಿಯಾಯಿತು, ಮತ್ತೆ ವಾಲಿತು. ಆಮೇಲೆ ವಾಲಲಿಲ್ಲ. ಆಮೇಲೆ ಅವನು ಎದ್ದು ನಿಂತು, “ಇವತ್ತು ನಡಿಯಲ್ಲ, ಸ್ವಾಮಿ. ಮೂರ್ನಾಕು ತಿಂಗಳು ಬೇಕು. ನಮ್ಮ ಭಾವ ಹೇಳಿದ್ದು ತಪ್ಪು,” ಅಂದುಬಿಟ್ಟ.

ನೌಕರಿ ಹೋಯಿತೆಂದು ಕಣ್ಣುಮುಚ್ಚಿಕೊಂಡೆ. ಒಲೆಯ ಮುಂದೆ ಕೂತ ಗೌರಿ ಕಂಡಳು.

ಅಜ್ಜಿಯ ದನಿ ಕೇಳಿಸಿತು. “ಲೇ, ಈ ಹುಡುಗನ್ನ ಇಟ್ಕ. ಇವನು ಸುಳ್ಳು ಹೇಳಲ್ಲ. ಆ ಉದ್ದನೆಯೋನ್ನ ಮಾತ್ರ ಆಸ್ಪತ್ರೆ ಕಡೆ ಬಿಡಬ್ಯಾಡ.”

ಅಧ್ಯಕ್ಷರಿಗೆ ಬೆಂಗಳೂರಿನ ರೈಲಿನ ಹೊತ್ತಾಗಿತ್ತು. ನಿಂತಲ್ಲೇ ಮಸಿ ಪೆನ್ನು ತೆಗೆದು ಹಾಳೆಯ ಮುಂಬದಿಗೆ ಆರ್ಡರು ಬರೆದು, ಜಾಗ ಸಾಲದೆ ತಿರುಗಿಸಿ ಹಿಂಬದಿಗೆ ಸಹಿ ಹಾಕಿದರು. “ನಾನು ಬರೋದು ಹದಿನೈದು ದಿನ. ನಾಳೆ ಇದನ್ನ ನಮ್ಮ ಕಾರ್ಯದರ್ಶಿಗೆ ತೋರಿಸಿ ಸೇರ್ಕಳ್ರಿ.” ಹೇಳಿ ಹೊರಟರು. ತಿಪ್ಪೇಸ್ವಾಮಿ ಕೈಚಾಚುವ ಮೊದಲೇ ನಾನು ನುಗ್ಗಿದೆ. ದೊಡ್ಡವರು ಕೊಟ್ಟ ಕಾಗದ! ಎರಡೂ ಅಂಗೈಗಳ ನಡುವೆ ಭಕ್ತಿಯಿಂದ ಒತ್ತಿಹಿಡಿದು ಕಣ್ಣಿಗೊತ್ತಿಕೊಂಡೆ.

ಬಸ್ ಸ್ಟ್ಯಾಂಡಿನಲ್ಲಿ ವಾರ್ನಿಷಿಗೆ ಅಂಟಿಕೊಂಡಿದ್ದ ಅಂಗೈ ಬಿಡಿಸಿ ನೋಡಿದರೆ ಹಾಳೆ ಕಂದು ಬಣ್ಣದ ಚಿಂದಿಯಾಗಿತ್ತು. ಹಸಿ ಮಸಿ ಅಚ್ಚೊತ್ತಿ ಆರ್ಡರು ನನ್ನ ಬಲಗೈಯಲ್ಲಿತ್ತು, ಸಹಿ ಎಡಗೈಯಲ್ಲಿ, ಎರಡೂ ಉಲ್ಟಾ. ಅಧ್ಯಕ್ಷರ ರೈಲು ಕೂಗಿತು.

ಮರುದಿನ ಕಾರ್ಯದರ್ಶಿಗಳು ಕನ್ನಡಿ ತರಿಸಿ, ನನ್ನನ್ನು ಆಸ್ಪತ್ರೆಯ ಗೇಟಿನ ಹೊರಗೇ ನಿಲ್ಲಿಸಿ, ಎರಡು ಕೈಗಳನ್ನೂ ಓದಿ, ಇನ್ನೊಂದು ಆರ್ಡರು ಬರೆಸಿದರು. ಬೊಂಬಾಯಿಗೆ ಇಲ್ಲವೆಂದು ಕಾಗದ ಹೋಯಿತು. ಅದೆಲ್ಲ ಸರಿಯೇ. ನಾನು ಹೇಳಬೇಕೆಂದದ್ದು ಆ ಭಾನುವಾರ ಸಂಜೆಯ ಊಟದ ವಿಷಯ.

ಗೌರಿ ಸೀಮೆಎಣ್ಣೆ ಬಟ್ಟೆ ಹಿಡಿದು ಬಂದಳು. “ಕೊಡ್ರಿ ಕೈ, ಉಜ್ಜಿ ತೆಗೀತೀನಿ.”

“ಮುಟ್ಟಬ್ಯಾಡ ಕಣೆ! ಇದು ನಿನ್ನ ತಮ್ಮನ ನೌಕರಿ!”

ಎರಡೂ ಕೈ ಮೇಲೆತ್ತಿಕೊಂಡು ತಟ್ಟೆಯ ಮುಂದೆ ಕೂತೆ. ಮುದ್ದೆ ಇತ್ತು, ಸಾರಿತ್ತು, ಹಸಿವಿತ್ತು. ಕೈ ಇರಲಿಲ್ಲ. ಗೌರಿ ತುತ್ತು ಮಾಡಿ ಬಾಯಿಗೆ ತಂದಳು. ಆರಡಿ ಗಂಡಸು, ನಾಚಿಕೆಯಾಗಿ ಮುಖ ತಿರುಗಿಸಿದೆ. ಅಜ್ಜಿ ಹೇಳಿದ್ದು ಆಗ ನೆನಪಾಯಿತು.

ತಿಪ್ಪೇಸ್ವಾಮಿ ಎದ್ದು ಒಂದು ಚಮಚ ತಂದ. ಮೆತ್ತನೆಯ ಬಟ್ಟೆಯಲ್ಲಿ ನನ್ನ ಮಣಿಕಟ್ಟಿಗೆ, ಅಂಗೈ ತಾಗದಂತೆ ಕಟ್ಟಿದ. ತಟ್ಟೆಯ ಕೆಳಗೆ ಒದ್ದೆ ಬಟ್ಟೆ ಹಾಸಿ ಜಾರದಂತೆ ಮಾಡಿದ. “ಮೊಣಕೈ ಮೊಳಕಾಲ ಮೇಲೆ ಊರು, ಭಾವ. ಅವಸರ ಬ್ಯಾಡ.” ಮೊದಲ ಚಮಚ ಮೀಸೆಗೆ ಹೋಯಿತು. ಎರಡನೆಯದು ಅಂಗಿಗೆ. ಮೂರನೆಯದು ಬಾಯಿಗೆ ಬಂತು.

“ಎರಡು ವರ್ಸ ಏನ್ ಓದವ್ನೆ ಅಂತ ಈಗ ತಿಳೀತಾ?” ಅಂದಳು ಗೌರಿ.

ತಿಳಿಯಿತು. ಅವನಿಗೆ ಕೈ ಮುಗಿಯಬೇಕೆನ್ನಿಸಿತು. ಆದರೆ ಎರಡು ಅಂಗೈ ಒಂದಕ್ಕೊಂದು ಅಂಟಿಕೊಂಡರೆ ಆರ್ಡರಿನ ಗತಿಯೇನು? ಬಾಯಿ ಮುಚ್ಚಿಕೊಂಡು ಉಂಡೆ.