ಹನ್ನೂರಿನ ಅತ್ತೆ ಮತ್ತು ವರ್ಗಮೂಲ

ಗಣಿತದ ತರಗತಿಯಲ್ಲಿ ನಗಬಾರದು ಎಂಬುದು ನನ್ನ ನಿಯಮ. ಅದು ಮುರಿಯದ ಶನಿವಾರ ಒಂದೂ ಇಲ್ಲ. ಸೋಲಾಪುರದ ಕಾನ್ವೆಂಟಿನಲ್ಲಿ ಓದಿದವಳು ನಾನು. ಅಲ್ಲಿ ಕೆಮ್ಮುವುದಕ್ಕೂ ಸಿಸ್ಟರ್ ಅವರ ಅನುಮತಿ ಕೇಳುತ್ತಿದ್ದೆವು. ಈಗ ವಾರಕ್ಕೊಮ್ಮೆ ಅಕ್ಕಲಕೋಟೆಗೆ ಹೋಗಿ, ಶಾಲೆ ಬಿಟ್ಟ ಹೆಣ್ಣುಮಕ್ಕಳಿಗೆ ಹತ್ತನೆಯ ತರಗತಿಯ ಗಣಿತ ಹೇಳಿಕೊಡುತ್ತೇನೆ.

ಅವರಲ್ಲಿ ಹನ್ನೂರಿನ ಒಬ್ಬ ಸೊಸೆ ಗಣಿತದಲ್ಲಿ ಎರಡು ಸಲ ಫೇಲಾಗಿದ್ದಳು. ಜೊತೆಗೆ ಅತ್ತೆಯೂ ಬಂದು, ತಲೆಯ ಮೇಲೆ ಸೆರಗು ಹೊದ್ದು ಹಿಂದೆ ಕೂರುತ್ತಿದ್ದರು. ಮೊದಲ ದಿನವೇ ನನಗೆ ಹೇಳಿಬಿಟ್ಟರು: “ಇದ ಆಖ್ರಿ ಸಲ ನೋಡ್ರಿ ಬಾಯಾರ. ಮತ್ತ ಫೇಲಾದ್ಲಂದ್ರ ಪುಸ್ತಕ ಕಟ್ಟಿ ಇಡೂದು.”

೧. ಸವೆದ ಖಡು

ಏಳೇಳು ನಲವತ್ತೊಂಬತ್ತು, ಆದ್ದರಿಂದ ನಲವತ್ತೊಂಬತ್ತರ ವರ್ಗಮೂಲ ಏಳು. ಇಷ್ಟು ಹೇಳಿ, ಸ್ವಲ್ಪ ಕಠಿಣವಿರಲಿ ಎಂದು ಹಲಗೆಯ ಮೇಲೆ 1089 ಬರೆದೆ. ಭಾಗಾಕಾರ ಪದ್ಧತಿಯ ಮೊದಲ ಗೆರೆ ಎಳೆಯುವಷ್ಟರಲ್ಲಿ ಹಿಂದಿನಿಂದ ದನಿ ಬಂತು: “ಮೂವತ್ಮೂರು.”

“ನಿಮಗೆ ಯಾರು ಹೇಳಿದರು?”

“ಯಾರ ಹೇಳಬೇಕ್ರಿ? ಗುಂಟೆ ಅಂದ್ರ ಮೂವತ್ಮೂರು ಫೂಟ ಉದ್ದ, ಮೂವತ್ಮೂರು ಫೂಟ ಅಗಲ. ಒಟ್ಟ ಸಾವಿರದ ಎಂಬತ್ತೊಂಬತ್ತು.”

ಆದರೂ ನಾನು ಅರ್ಧ ಸೀಮೆಸುಣ್ಣ ಸವೆಸಿ, ಶಿಸ್ತಾಗಿ ಐದು ಸಾಲು ಬರೆದು ಉತ್ತರ ತೆಗೆದೆ. ಮೂವತ್ತಮೂರೇ ಬಂತು. ಅತ್ತೆ ಸಮಾಧಾನ ಮಾಡಿದರು: “ಖಡು ಸವದ್ರ ಸವೀಲಿ. ನಿಮ್ಮದೂ ಬರೋಬ್ಬರಿ ಬಂತಲ್ಲ!”

೨. ಸಾವಿರದ ಲೆಕ್ಕ

ಮುಂದಿನ ವಾರ ಬೇಕೆಂದೇ 1000 ಕೊಟ್ಟೆ. ಸೊಸೆ ಬೆವರುತ್ತ ಮೂವತ್ತೊಂದು ಪಾಯಿಂಟ್ ಆರು ಎರಡರವರೆಗೆ ಬಂದಳು. ಒಂದು ಹೆಜ್ಜೆಯೂ ತಪ್ಪಿರಲಿಲ್ಲ; ನಾನು ಸುಲಭವಾಗಿ ಮೆಚ್ಚುವವಳಲ್ಲ, ಅಂದು ಮೆಚ್ಚಿದೆ. “ಇದು ಸರಿಯಾಗಿ ಮುಗಿಯುವುದೇ ಇಲ್ಲ, ಹೀಗೇ ಮುಂದುವರಿಯುತ್ತದೆ” ಎಂದು ವಿವರಿಸಿದೆ.

ಅತ್ತೆ ಎದ್ದೇ ನಿಂತರು. “ಹೆಂಗ ಮುಗೀತದ್ರಿ? ಗುಂಟೆಕ್ಕ ಎಂಬತ್ತೊಂಬತ್ತು ಫೂಟ ಕಡಿಮಿ ಐತಿ. ಬಾಜೂದ ಹೊಲದಾಂವ ನೇಗಿಲಾ ಹೊಡಿಯೂಮುಂದ ನಡುವಿನ ಬಾಂದ ಕೊರದಾನ! ಮೊದಲ ಸರಕಾರಿ ಮೋಜಣಿ ಮಾಡಸ್ರಿ, ಆಮ್ಯಾಲ ವರ್ಗಮೂಲ ತಗೀರಿ.”

೩. ಬೇಲಿ

ಪರೀಕ್ಷೆಯ ದಿನ ಸೊಸೆ ನಗುತ್ತಲೇ ಹೊರಗೆ ಬಂದಳು. 4356 ಚದರ ಅಡಿಯ ಚೌಕ ಹೊಲಕ್ಕೆ ಸುತ್ತಲೂ ಬೇಲಿ ಹಾಕಲು ಎಷ್ಟು ಅಡಿ ತಂತಿ ಬೇಕು ಎಂದು ಕೇಳಿದ್ದರಂತೆ.

“ನಾಲ್ಕ ಗುಂಟೆ ಅಲ್ಲೇನ್ರಿ ಬಾಯಾರ! ವರ್ಗಮೂಲ ಅರವತ್ತಾರು. ನಾಲ್ಕ ಬಾಜೂ ಕೂಡಿ ಎರಡನೂರಾ ಅರವತ್ನಾಲ್ಕು.”

“ಶಾಭಾಷ್!” ಎಂದೆ.

“ಅದರಾಗ ಹನ್ನೆರಡ ಕಳದು ಎರಡನೂರಾ ಐವತ್ತೆರಡು ಬರದೀನ್ರಿ.”

“ಹನ್ನೆರಡು ಏಕೆ ಕಳೆದೆ?”

“ಟ್ರ್ಯಾಕ್ಟರ್ ಹೋಗಾಕ ದಾರಿ ಬ್ಯಾಡೇನ್ರಿ?”

ಈ ಹುಡುಗಿಯ ಓದು ಹನ್ನೆರಡು ಅಡಿಯ ದಾರಿಯಲ್ಲೇ ಹೋಯಿತು ಎಂದುಕೊಂಡೆ. ಫಲಿತಾಂಶದವರೆಗೆ ನನಗೂ ಸರಿಯಾಗಿ ಊಟ ಸೇರಲಿಲ್ಲ.

ಪಾಸಾಗಿದ್ದಳು, ಬೇಕಾದ್ದಕ್ಕಿಂತ ಒಂದೇ ಅಂಕ ಹೆಚ್ಚು. ಅತ್ತೆ ಪೇಢೆಯ ಪೊಟ್ಟಣ ಹಿಡಿದು ನಮ್ಮ ಸೋಲಾಪುರದ ಮನೆಗೇ ಬಂದರು.

“ಇನ್ನು ಮುಂದೆ ಓದಿಸುತ್ತೀರಷ್ಟೇ?” ಎಂದೆ.

“ಹನ್ನೊಂದನೇತ್ತಕ್ಕ ಹೆಸರ ಹಚ್ಚೇ ಬಂದೀನ್ರಿ.”

“ಬೇಲಿಯ ಲೆಕ್ಕಕ್ಕೆ ಮಾತ್ರ ಅಂಕ ಹೋಗಿರಬೇಕು” ಎಂದು ನೆನಪಿಸಿದೆ. ತಪ್ಪು ತಪ್ಪೇ.

ಅತ್ತೆ ಸೆರಗು ಬಿಗಿದರು. “ಪೇಪರ್ ತಪಾಸ ಮಾಡಿದಾಂವನ್ನ ಒಮ್ಮೆ ಹನ್ನೂರಿಗೆ ಕಳಸ್ರಿ ಬಾಯಾರ. ಹೊಲದಾಗ ನಿಂದರಿಸಿ, ಸುತ್ತಾ ಎರಡನೂರಾ ಅರವತ್ನಾಲ್ಕು ಫೂಟ ತಂತಿ ಬಿಗೀತೀನಿ. ಹೆಂಗ ಹೊರಗ ಬರ್ತಾನ, ನಾನೂ ನೋಡ್ತೀನಿ!”