ಚಿಗವ್ವನ ಹೊಟ್ಟೆಗೆ ಮುಹೂರ್ತವಿಟ್ಟ ವೈದ್ಯರಿಗೆ

ಮಾನ್ಯರೇ,

ಶಸ್ತ್ರಚಿಕಿತ್ಸೆಯ ಕೋಣೆಯ ಬಾಗಿಲಿಗೆ ಪಂಚಾಂಗ ತೂಗುಹಾಕಿ, ಅಮಾವಾಸ್ಯೆಯಂದು ಚಾಕು ಮುಟ್ಟದ ತಮ್ಮ ನೇಮನಿಷ್ಠೆಗೆ ಸವದತ್ತಿ, ಬೈಲಹೊಂಗಲ ತಾಲೂಕುಗಳ ಸಮಸ್ತ ಹೊಟ್ಟೆಗಳ ಪರವಾಗಿ ನಮಸ್ಕಾರಗಳು.

ನನ್ನ ಚಿಗವ್ವ ಕೃಷ್ಣವ್ವನ ಹರ್ನಿಯಾಕ್ಕೆ ಅವಸರವಿಲ್ಲ, ಹೊಲದ ಕೆಲಸ ಮುಗಿಸಿಕೊಂಡೇ ಬರ್ರಿ ಎಂದು ತಾವು ಎರಡು ವರ್ಷದಿಂದ ಹೇಳುತ್ತ ಬಂದಿರಿ. ಈಚೆಗೆ ಆಕೆಗೆ ಕೊರೋನಾ ಬಂತು. ಜ್ವರವೇನೋ ಬಿಟ್ಟಿತು, ಆದರೆ ಹಿತ್ತಲಿನಿಂದ ಅಡುಗೆಮನೆಗೆ ಬರುವಷ್ಟರಲ್ಲಿ ಈಗಲೂ ಗೋಡೆ ಹಿಡಿದು ನಿಲ್ಲುತ್ತಾಳೆ. ಸರಿಯಾಗಿ ಆಗಲೇ ತಮಗೆ ಅವಸರ ಹುಟ್ಟಿತು. ಶೂನ್ಯಮಾಸ ಬರುತ್ತಿದೆ, ಆ ತಿಂಗಳು ಶುಭಕಾರ್ಯ ಕೂಡದು ಎಂದು ಆಕೆಯ ಗಂಡ ಪರಪ್ಪ ಕಾಕಾ ಅಂದದ್ದೇ ತಡ, ತಾವು ಅದರ ಹಿಂದಿನ ಗುರುವಾರವನ್ನೇ ಗೊತ್ತುಮಾಡಿದಿರಿ. ಹೊಟ್ಟೆ ಕೊಯ್ಯುವುದು ಮದುವೆ, ಗೃಹಪ್ರವೇಶಗಳ ಸಾಲಿಗೆ ಸೇರಿದ್ದು ಯಾವಾಗ ಎಂದು ಕೇಳುವಷ್ಟು ವಿದ್ಯೆ ನನಗಿಲ್ಲ.

ಕೊರೋನಾ ಸಂಗತಿ ನಾನು ತಿಳಿಸಿದಾಗ, "ಈಗ ಅದು ನೆಗಡಿ ಇದ್ದಂಗ ಬಿಡವಾ" ಎಂದು ತಾವು ನಕ್ಕಿರಿ. ಚಿಗವ್ವ ನಗಲಿಲ್ಲ. "ಸಾಹೇಬ್ರ, ಅಮಾಸಿ ಹೋಗೂತನಕಾ ಕಾಯ್ತೀರಿ, ನನ್ನ ದಮ್ಮು ತಿರುಗಿ ಬರೂತನಕಾ ಕಾಯಾಂಗಿಲ್ಲೇನ್ರಿ?" ಅಂದಳು. ತಾವು ಮುಂದಿನ ರೋಗಿಯನ್ನು ಕರೆದಿರಿ.

ನಾನು ಆಸ್ಪತ್ರೆಗಳಲ್ಲಿ ಹಂಚುವ ಕರಪತ್ರಗಳನ್ನು ಓದಿ ಕಲಿತವಳು. ಸೋಂಕಿನ ನಂತರ ತುರ್ತಿಲ್ಲದ ಶಸ್ತ್ರಚಿಕಿತ್ಸೆಯನ್ನು ಕೆಲವು ವಾರ ಮುಂದೂಡಬೇಕು, ಉಸಿರಿನ ತೊಂದರೆ ಉಳಿದಿದ್ದರೆ ಇನ್ನಷ್ಟು ಕಾಯಬೇಕು, ಇಲ್ಲದಿದ್ದರೆ ಶ್ವಾಸಕೋಶ ಕೆಡುವ, ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚು ಎಂದು ಅವುಗಳಲ್ಲಿ ಬರೆದಿದೆ. ಬರೆದವರಿಗೆ ನಕ್ಷತ್ರಜ್ಞಾನ ಕಡಿಮೆ, ದೊಡ್ಡ ಮನಸ್ಸು ಮಾಡಿ ಕ್ಷಮಿಸಿರಿ.

ತಮ್ಮಲ್ಲಿ ಸಣ್ಣ ವಿನಂತಿ. ಅರಿವಳಿಕೆ ಕೊಡುವ ವೈದ್ಯರಿಗೆ ಖಾಯಂ ರಜೆ ಕೊಟ್ಟು ಅವರ ಕುರ್ಚಿಯಲ್ಲಿ ಪಂಚಾಂಗ ಹೇಳುವವರನ್ನೇ ಕೂಡಿಸಿರಿ. ರೋಗಿಯ ರಕ್ತದಲ್ಲಿ ಆಮ್ಲಜನಕ ಇಳಿದರೆ ಅದು ಯಾವ ನಕ್ಷತ್ರದಲ್ಲಿ ಏರುವುದೆಂದು ಅವರು ಹೇಳಲಿ. ಶೂನ್ಯಮಾಸದಲ್ಲಿ ಯಾರ ಹರ್ನಿಯಾದಲ್ಲೂ ಕರುಳು ಸಿಕ್ಕಿಕೊಳ್ಳಕೂಡದೆಂದು ಸುತ್ತೋಲೆ ಹೊರಡಿಸಿ, ಕಿತ್ತೂರು, ರಾಮದುರ್ಗದ ಕರುಳುಗಳಿಗೂ ಒಂದೊಂದು ಪ್ರತಿ ಮುಟ್ಟಿಸಿರಿ.

ಗುರುವಾರ ಚಿಗವ್ವ ಬರುವುದಿಲ್ಲ. ನಿನ್ನೆ ಕಾಕಾನ ಕಣ್ಣೆದುರೇ ಆಸ್ಪತ್ರೆಗೆಂದು ಕಟ್ಟಿದ್ದ ಚೀಲ ಬಿಚ್ಚಿ, ಸೀರೆಗಳನ್ನು ತಿರುಗಿ ಟ್ರಂಕಿನಲ್ಲಿಟ್ಟಳು. ನೋವು ಜೋರಾಗಿ ವಾಂತಿ ಹತ್ತಿದರೆ ಆ ಗಳಿಗೆಯೇ ಕರೆತರುತ್ತೇವೆ, ರಾಹುಕಾಲ ಕೇಳುವುದಿಲ್ಲ. ಇಲ್ಲವಾದರೆ, ಬೇರೊಬ್ಬ ವೈದ್ಯರು ಆಕೆಯ ಎದೆ ಪರೀಕ್ಷಿಸಿ ಆಗಬಹುದು ಅಂದ ದಿನ ಬರುತ್ತಾಳೆ. ಅಂದು ಅಮಾವಾಸ್ಯೆಯಿದ್ದರೆ ತಮ್ಮ ಕೈ ನಡುಗದಿರಲಿ.

ತಮ್ಮನ್ನು ನಂಬಲು ಇನ್ನೂ ಕಾರಣ ಹುಡುಕುತ್ತಿರುವ
ತಮ್ಮ ವಿಶ್ವಾಸಿ,
ದುರ್ಗಾ, ಸಿರಸಂಗಿ

ತಾ.ಕ.: ಗುರುವಾರದ ಒಳ್ಳೆಯ ಗಳಿಗೆ ಹಾಳಾಗಬಾರದೆಂದು ಪರಪ್ಪ ಕಾಕಾ ತಾನೇ ತೋರಿಸಿಕೊಳ್ಳಲು ತಮ್ಮಲ್ಲಿಗೆ ಬರುವವನಿದ್ದಾನೆ. ಮೊನ್ನೆಯಿಂದ ಅವನಿಗೂ ಜ್ವರ, ಕೆಮ್ಮು. ತಮ್ಮ ಲೆಕ್ಕದಲ್ಲಿ ಅದು ಬರೀ ನೆಗಡಿ; ಆದ್ದರಿಂದ ತಾವು ಮಾಸ್ಕ್ ಹಾಕಿಕೊಳ್ಳುವುದಿಲ್ಲವೆಂದೇ ನಂಬಿದ್ದೇನೆ.